ಪಂಪಿನ ಬಳಿ ನಡೆದದ್ದು, ಐದು ದಿನಗಳ ನಂತರ ನಡೆದದ್ದು: ಆನ್ ಸಲಿವನ್ ಎಂಬ ಶಿಕ್ಷಕಿಯ ಪ್ರಕರಣ ಅಧ್ಯಯನ

ಹೆಲೆನ್ ಕೆಲ್ಲರ್ ಕಥೆ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಕಣ್ಣು ಕಾಣದ, ಕಿವಿ ಕೇಳದ ಹುಡುಗಿ. ಒಂದು ದಿನ ಪಂಪಿನ ಕೆಳಗೆ ಅವಳ ಕೈ ಮೇಲೆ ನೀರು ಬೀಳುತ್ತದೆ. ಇನ್ನೊಂದು ಅಂಗೈಯಲ್ಲಿ ಟೀಚರ್ ಆನ್ ಸಲಿವನ್ ‘ವಾಟರ್’ ಎಂಬ ಅಕ್ಷರಗಳನ್ನು ಮೂಡಿಸುತ್ತಾರೆ. ಮಗುವಿಗೆ ಎಲ್ಲ ಹೊಳೆದುಬಿಡುತ್ತದೆ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಚಪ್ಪಾಳೆಯೂ ಬೀಳುತ್ತದೆ.

ಆ ದಿನ 1887ರ ಏಪ್ರಿಲ್ 5. ಡಿ.ಎಡ್., ಬಿ.ಎಡ್. ಓದುತ್ತಿರುವವರು ನನ್ನನ್ನು ಕೇಳಿದರೆ, ಏಪ್ರಿಲ್ 5ರಷ್ಟೇ ಗಮನ ಕೊಟ್ಟು ಏಪ್ರಿಲ್ 10ನ್ನೂ ಓದಿ ಅನ್ನುತ್ತೇನೆ. ಅಂದು ಆನ್ ಸಲಿವನ್ ಒಂದು ಪತ್ರ ಬರೆದರು. ಸದ್ಯಕ್ಕೆ ವೇಳಾಪಟ್ಟಿ ಹಾಕಿಕೊಂಡು ಪಾಠ ಮಾಡುವುದನ್ನು ನಿಲ್ಲಿಸುತ್ತೇನೆ ಎಂದು ಅದರಲ್ಲಿದೆ. ದೊಡ್ಡ ಗೆಲುವು ಸಿಕ್ಕಿ ಐದೇ ದಿನ ಆಗಿತ್ತು. ಗೆದ್ದ ದಾರಿಯನ್ನೇ ಹಿಡಿದು ಮುಂದೆ ಹೋಗುವುದು ಯಾರಿಗಾದರೂ ಸಹಜ, ಅಲ್ವಾ? ಇಪ್ಪತ್ತು ವರ್ಷದ ಈ ಟೀಚರ್ ಹಾಗೆ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅನ್ನುವುದೇ ಈ ಪ್ರಕರಣದ ತಿರುಳು.

ನಮಗೆ ಇಷ್ಟು ವಿವರ ಸಿಗುವುದಕ್ಕೆ ಒಂದು ಕಾರಣವಿದೆ. ಆನ್ ತಾವು ಓದಿದ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯ ಮೇಟ್ರನ್ ಸೋಫಿಯಾ ಹಾಪ್ಕಿನ್ಸ್ ಅವರಿಗೆ ಆಗಾಗ ಪತ್ರ ಬರೆಯುತ್ತಿದ್ದರು. ಆನ್ ಪಾಲಿಗೆ ಹಾಪ್ಕಿನ್ಸ್ ತಾಯಿ ಇದ್ದ ಹಾಗೆ. 1903ರಲ್ಲಿ ಹೆಲೆನ್ ಆತ್ಮಕಥೆ ಪ್ರಕಟವಾದಾಗ ಅದರ ಜೊತೆಗೇ ಈ ಪತ್ರಗಳೂ ಅಚ್ಚಾದವು. ಯಾರನ್ನೋ ಮೆಚ್ಚಿಸಲು ಬರೆದ ವರದಿಗಳಲ್ಲ ಅವು. ಸೋತದ್ದು, ಸಿಟ್ಟು ಬಂದದ್ದು, ಗೊಂದಲ ಆದದ್ದು ಎಲ್ಲ ಅವುಗಳಲ್ಲಿದೆ.

ಇಬ್ಬರ ಹಿನ್ನೆಲೆ

ಆನ್ ಹುಟ್ಟಿದ್ದು 1866ರ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಬಡ ಐರಿಷ್ ಕುಟುಂಬದಲ್ಲಿ. ಐದನೇ ವರ್ಷದ ಹೊತ್ತಿಗೆ ಟ್ರಕೋಮಾ ಎಂಬ ಸೋಂಕು ತಗುಲಿ ಕಣ್ಣು ಹೆಚ್ಚುಕಡಿಮೆ ಹೋಯಿತು. ಎಂಟನೇ ವರ್ಷಕ್ಕೆ ತಾಯಿ ಕ್ಷಯದಿಂದ ತೀರಿಕೊಂಡರು. ಅಪ್ಪ ಮಕ್ಕಳನ್ನು ನೋಡಿಕೊಳ್ಳಲಿಲ್ಲ. 1876ರ ಫೆಬ್ರವರಿಯಲ್ಲಿ ಆನ್ ಮತ್ತು ತಮ್ಮ ಜಿಮ್ಮಿಯನ್ನು ಟ್ಯೂಕ್ಸ್‌ಬರಿಯ ನಿರ್ಗತಿಕರ ಆಶ್ರಮಕ್ಕೆ ಸೇರಿಸಿದರು. ದಿಕ್ಕಿಲ್ಲದ ಮುದುಕರು, ಕಾಯಿಲೆಯವರು, ಮಾನಸಿಕ ರೋಗಿಗಳು ಎಲ್ಲ ಒಟ್ಟಿಗೇ ಇದ್ದ ಜಾಗ ಅದು. ಕೆಲವೇ ತಿಂಗಳಲ್ಲಿ ಜಿಮ್ಮಿ ಅಲ್ಲೇ ಸತ್ತ.

1880ರಲ್ಲಿ ತನಿಖೆಗೆ ಬಂದ ಅಧಿಕಾರಿಗಳ ಗುಂಪಿನ ಹಿಂದೆ ಓಡಿ, ನನಗೆ ಶಾಲೆಗೆ ಹೋಗಬೇಕು ಎಂದು ಆ ಹುಡುಗಿ ಕೂಗಿಕೊಂಡಳು. ಹಾಗೆ ಪರ್ಕಿನ್ಸ್ ಶಾಲೆಗೆ ಸೇರಿದ್ದು. ಆಗ ವಯಸ್ಸು ಹದಿನಾಲ್ಕು. ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಆರು ವರ್ಷಗಳ ನಂತರ, 1886ರಲ್ಲಿ, ತನ್ನ ತರಗತಿಗೇ ಮೊದಲಿಗಳಾಗಿ ಹೊರಬಂದಳು. ನಡುವೆ ನಡೆದ ಶಸ್ತ್ರಚಿಕಿತ್ಸೆಗಳಿಂದ ಸ್ವಲ್ಪ ದೃಷ್ಟಿಯೂ ಮರಳಿತ್ತು.

ಅದೇ ಶಾಲೆಯಲ್ಲಿ ಲಾರಾ ಬ್ರಿಜ್‌ಮನ್ ಇದ್ದರು. ಕಣ್ಣು, ಕಿವಿ ಎರಡೂ ಇಲ್ಲದ ಅವರಿಗೆ 1837ರಿಂದ ಶಾಲೆಯ ನಿರ್ದೇಶಕ ಸ್ಯಾಮ್ಯುಯಲ್ ಗ್ರಿಡ್ಲಿ ಹೌ ಭಾಷೆ ಕಲಿಸಿದ್ದರು. ಹೌ ಅವರ ಕ್ರಮ ಹೀಗಿತ್ತು: ಚಮಚ, ಬೀಗದ ಕೈ ಮೊದಲಾದ ವಸ್ತುಗಳಿಗೆ ಉಬ್ಬು ಅಕ್ಷರದ ಚೀಟಿ ಅಂಟಿಸಿ, ವಸ್ತುವಿಗೂ ಹೆಸರಿಗೂ ನಂಟು ಕಟ್ಟಿಸುವುದು. ಮೊದಲು ವಸ್ತುಗಳ ಹೆಸರು, ಮಿಕ್ಕದ್ದೆಲ್ಲ ಆಮೇಲೆ. ಪ್ರತಿ ಅಕ್ಷರಕ್ಕೂ ಬೆರಳುಗಳ ಒಂದೊಂದು ಭಂಗಿ ಇರುವ ಬೆರಳಕ್ಷರವನ್ನು ಆನ್ ಪರ್ಕಿನ್ಸ್‌ನಲ್ಲಿದ್ದಾಗಲೇ ಕಲಿತಿದ್ದರು. ಕೆಲ್ಲರ್ ಮನೆಗೆ ಹೊರಡುವ ಮುಂಚೆ ಹೌ ಅವರ ವರದಿಗಳನ್ನು ತಿಂಗಳುಗಟ್ಟಲೆ ಕೂತು ಓದಿದರು. ಕಣ್ಣು ನೋಯುತ್ತಿದ್ದರೂ ಓದಿದರು. ತಯಾರಿ ಇಲ್ಲದೆ ಹೋದವರಲ್ಲ ಆನ್. ಇದನ್ನು ನೆನಪಿಡಬೇಕು. ಮುಂದೆ ಅವರು ಬಿಟ್ಟದ್ದು ತಮಗೆ ಚೆನ್ನಾಗಿ ಗೊತ್ತಿದ್ದ ಕ್ರಮವನ್ನೇ.

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಲಬಾಮಾದ ಟಸ್ಕಂಬಿಯಾದಲ್ಲಿ. ಹತ್ತೊಂಬತ್ತನೇ ತಿಂಗಳಲ್ಲಿ ಬಂದ ಜ್ವರ ಅವಳ ಕಣ್ಣು, ಕಿವಿ ಎರಡನ್ನೂ ಕಿತ್ತುಕೊಂಡಿತು. ಹಾಗಂತ ಅವಳು ಖಾಲಿ ಪಾಟಿಯಾಗಿರಲಿಲ್ಲ. ಬ್ರೆಡ್ಡು ಬೇಕಿದ್ದರೆ ಚೂರು ಕತ್ತರಿಸಿ ಬೆಣ್ಣೆ ಹಚ್ಚುವಂತೆ ಕೈ ಆಡಿಸುತ್ತಿದ್ದಳು. ಐಸ್‌ಕ್ರೀಂ ಬೇಕಿದ್ದರೆ ಅದನ್ನು ಮಾಡುವ ಯಂತ್ರ ತಿರುಗಿಸಿದ ಹಾಗೆ ಮಾಡಿ ಮೈ ನಡುಗಿಸುತ್ತಿದ್ದಳು. ಅಡುಗೆಯವಳ ಮಗಳಿಗೆ ಈ ಸನ್ನೆಗಳೆಲ್ಲ ಅರ್ಥವಾಗುತ್ತಿದ್ದವು. ಮನೆಯವರು ಮಾತ್ರ ಅಯ್ಯೋ ಪಾಪ ಎಂದು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಅವಳ ಹಠಕ್ಕೆ ಮನೆಯಲ್ಲಿ ಎದುರೇ ಇರಲಿಲ್ಲ.

ಮೊದಲ ತಿಂಗಳು

ಆನ್ ಟಸ್ಕಂಬಿಯಾಕ್ಕೆ ಬಂದದ್ದು 1887ರ ಮಾರ್ಚ್ 3ರಂದು. ಹೆಲೆನ್ ಬಾಗಿಲಲ್ಲೇ ನಿಂತಿದ್ದಳು. ಓಡಿ ಬಂದು ಎಷ್ಟು ಜೋರಾಗಿ ಡಿಕ್ಕಿ ಹೊಡೆದಳೆಂದರೆ, ಹಿಂದೆ ಅವಳ ಅಪ್ಪ ಇರದಿದ್ದರೆ ಆನ್ ಬಿದ್ದೇ ಹೋಗುತ್ತಿದ್ದರು. ಆಮೇಲೆ ಅವರ ಕೈಚೀಲ ಎಳೆದುಕೊಂಡು ತಿಂಡಿ ಹುಡುಕಲು ಶುರುಮಾಡಿದಳು.

ಪರ್ಕಿನ್ಸ್ ಮಕ್ಕಳು ಕಳಿಸಿದ ಗೊಂಬೆ ಮೊದಲ ಪಾಠವಾಯಿತು. ಹೆಲೆನ್ ಅಂಗೈಯಲ್ಲಿ ಆನ್ ‘ಡಾಲ್’ ಎಂದು ಬೆರಳಕ್ಷರದಲ್ಲಿ ಬರೆದರು. ಅವಳು ಅದನ್ನೇ ಅನುಕರಿಸಿದಳು. ಅಕ್ಷರ ಪೂರ್ತಿ ಮಾಡಿದ ಮೇಲೆ ಗೊಂಬೆ ವಾಪಸ್ ಕೊಡೋಣ ಎಂದು ಆನ್ ಅದನ್ನು ತೆಗೆದುಕೊಂಡರು. ಕಿತ್ತುಕೊಳ್ಳುತ್ತಿದ್ದಾರೆ ಎಂದುಕೊಂಡ ಮಗು ರಂಪ ಮಾಡಿತು. ಆನ್ ಅಲ್ಲಿಗೇ ನಿಲ್ಲಿಸಿ, ಕೆಳಗೆ ಹೋಗಿ ಕೇಕ್ ತಂದರು.

ಕೆಲ ದಿನಗಳಲ್ಲೇ ಊಟದ ಮೇಜಿನ ಜಗಳ ನಡೆಯಿತು. ಹೆಲೆನ್‌ಗೆ ಎಲ್ಲರ ತಟ್ಟೆಗೂ ಕೈ ಹಾಕಿ ಬೇಕಾದ್ದು ತೆಗೆದು ತಿನ್ನುವ ರೂಢಿ. ಆನ್ ತಮ್ಮ ತಟ್ಟೆ ಮುಟ್ಟಲು ಬಿಡಲಿಲ್ಲ. ಮನೆಯವರು ಬೇಸರದಿಂದ ಎದ್ದು ಹೋದರು. ಆನ್ ಬಾಗಿಲಿಗೆ ಬೀಗ ಹಾಕಿದರು. ಮಗು ನೆಲದ ಮೇಲೆ ಬಿದ್ದು ಒದ್ದಾಡಿತು, ಚಮಚ ಎಸೆಯಿತು. ಕೊನೆಗೆ ಚಮಚದಲ್ಲೇ ತಿಂದಿತು. ನ್ಯಾಪ್‌ಕಿನ್ ಮಡಿಸಲು ಮತ್ತೊಂದು ಗಂಟೆ ಹಿಡಿಯಿತು. ಆ ದಿನ ಆನ್ ತಮ್ಮ ಕೋಣೆಗೆ ಹೋಗಿ ಅತ್ತರು.

ಮಾರ್ಚ್ 11ರ ಹೊತ್ತಿಗೆ ಇಬ್ಬರೂ ಮನೆಯಿಂದ ಸ್ವಲ್ಪ ದೂರದ, ತೋಟದ ಪುಟ್ಟ ಮನೆಗೆ ಹೋಗಿಯಾಗಿತ್ತು. ಅಪ್ಪ ಅಮ್ಮ ಪ್ರತಿ ಸಲ ಮಧ್ಯೆ ಬರುತ್ತಿದ್ದರೆ ಮಗು ತನ್ನನ್ನು ನೆಚ್ಚಿಕೊಳ್ಳುವುದಿಲ್ಲ ಎಂದು ಆನ್ ಹಟ ಹಿಡಿದು ಈ ಏರ್ಪಾಡು ಮಾಡಿಸಿಕೊಂಡಿದ್ದರು. ಮಾರ್ಚ್ 20ರ ಪತ್ರದಲ್ಲಿ ಅವರ ಸಂತೋಷ ಉಕ್ಕಿ ಹರಿಯುತ್ತದೆ. ಕಾಡುಮೃಗದಂತಿದ್ದ ಮಗು ಎರಡೇ ವಾರದಲ್ಲಿ ಮೆತ್ತಗಾಗಿದೆ, ನನ್ನ ಮಡಿಲಲ್ಲಿ ಕೂರುತ್ತದೆ ಎಂದು ಬರೆದಿದ್ದಾರೆ.

ಈ ಪತ್ರದಲ್ಲಿ ಇನ್ನೊಂದು ಸಂಗತಿ ಇದೆ. ಒಂದು ದಿನ ಅಪ್ಪ ತನ್ನ ನಾಯಿ ಬೆಲ್‌ಳನ್ನು ಅಲ್ಲಿಗೆ ಕರೆತಂದರು. ಹೆಲೆನ್ ಅದನ್ನು ವಾಸನೆಯಿಂದಲೇ ಗುರುತು ಹಿಡಿದು ತಬ್ಬಿಕೊಂಡಳು. ಆಮೇಲೆ ಪಕ್ಕದಲ್ಲಿ ಕೂತು ನಾಯಿಯ ಪಂಜ ಹಿಡಿದು ಏನೋ ಮಾಡತೊಡಗಿದಳು. ಏನು ಎಂದು ಯಾರಿಗೂ ಮೊದಲು ತಿಳಿಯಲಿಲ್ಲ. ಅವಳು ತನ್ನ ಬೆರಳಲ್ಲಿ ‘ಡಾಲ್’ ಅಕ್ಷರಗಳನ್ನು ಮಾಡಿದಾಗ ಅರ್ಥವಾಯಿತು. ನಾಯಿಗೆ ಅಕ್ಷರ ಕಲಿಸುತ್ತಿದ್ದಾಳೆ!

ಓದುವಾಗ ಮುದ್ದು ಬರುತ್ತದೆ. ಆದರೆ ಟೀಚರ್ ಕಣ್ಣಿಂದ ನೋಡಿದರೆ ಇಲ್ಲಿ ಗಟ್ಟಿ ವಿಷಯವಿದೆ. ಹೆಲೆನ್‌ಗೆ ‘ಡಾಲ್’ ತಪ್ಪಿಲ್ಲದೆ ಮಾಡಲು ಬರುತ್ತಿತ್ತು. ಬೇರೆಯವರಿಗೆ ಹೇಳಿಕೊಡುವಷ್ಟು ಚೆನ್ನಾಗಿ ಬರುತ್ತಿತ್ತು. ಆದರೆ ಅದು ಒಂದು ಹೆಸರು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಬೆರಳಾಟ ಚೆನ್ನಾಗಿದೆ, ಆಡುತ್ತಾಳೆ, ಅಷ್ಟೇ.

ಮಗ್ ಮತ್ತು ಮಿಲ್ಕ್

ಏಪ್ರಿಲ್ ಆರಂಭದಲ್ಲಿ ಆನ್ ತಮ್ಮ ದಿನಚರಿಯನ್ನು ಪತ್ರದಲ್ಲಿ ವಿವರಿಸಿದ್ದಾರೆ. ನಮ್ಮ ಯಾವುದೇ ಪ್ರಶಿಕ್ಷಣಾರ್ಥಿಯ ಪಾಠಯೋಜನೆ ಪುಸ್ತಕದಲ್ಲಿ ಇರಬಹುದಾದಂಥ ವೇಳಾಪಟ್ಟಿ. ಬೆಳಗ್ಗೆ ಹತ್ತಕ್ಕೆ ಸ್ವಲ್ಪ ಹೊತ್ತು ಮಣಿ ಪೋಣಿಸುವುದು. ಹೊಲಿಗೆ, ಕ್ರೋಶಾ ಕೆಲಸ, ವ್ಯಾಯಾಮ. ಹನ್ನೆರಡರಿಂದ ಒಂದು ಹೊಸ ಪದಗಳು. ಹಾಗೆಂದು ಬೇರೆ ಹೊತ್ತಲ್ಲಿ ಸುಮ್ಮನಿರುತ್ತೇನೆ ಅಂದುಕೊಳ್ಳಬೇಡಿ, ದಿನವಿಡೀ ನಾವು ಮಾಡುವುದನ್ನೆಲ್ಲ ಅವಳ ಕೈಯಲ್ಲಿ ಬರೆಯುತ್ತಲೇ ಇರುತ್ತೇನೆ, ಅವಳಿಗೆ ಇನ್ನೂ ಅದರ ಅರ್ಥ ಗೊತ್ತಿಲ್ಲ ಎಂದೂ ಸೇರಿಸಿದ್ದಾರೆ.

ಮಾರ್ಚ್ 31ರಂದು ಲೆಕ್ಕ ಹಾಕಿದಾಗ ಹೆಲೆನ್‌ಗೆ 18 ನಾಮಪದ, 3 ಕ್ರಿಯಾಪದ ಬರುತ್ತಿದ್ದವು. ಒಂದು ತಿಂಗಳೂ ತುಂಬಿರಲಿಲ್ಲ. ನಮ್ಮ ಅಂಕಪಟ್ಟಿಯ ಲೆಕ್ಕದಲ್ಲಿ ಇದು ಭರ್ಜರಿ ಫಲಿತಾಂಶ. ಅನುಪಾಲನೆಗೆ ಬಂದ ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನೋಡಿದ್ದರೆ ‘ಉತ್ತಮ ಪ್ರಗತಿ’ ಎಂದು ಬರೆದು ಹೋಗುತ್ತಿದ್ದರು.

ಆದರೆ ಎರಡು ಪದಗಳು ಮಾತ್ರ ಕೂರುತ್ತಲೇ ಇರಲಿಲ್ಲ. ಮಗ್ ಮತ್ತು ಮಿಲ್ಕ್, ಅಂದರೆ ಲೋಟ ಮತ್ತು ಹಾಲು. ಒಂದರ ಬದಲು ಇನ್ನೊಂದು ಮಾಡುತ್ತಿದ್ದಳು. ಇಂಥ ಕಡೆ ನಾವು ಏನು ಮಾಡುತ್ತೇವೆ? ಹತ್ತು ಸಲ ಬರೆಸುತ್ತೇವೆ. ಆನ್ ಗಮನಿಸಿದರು. ಈ ಎರಡರಲ್ಲಿ ಯಾವ ಪದ ಮಾಡಿದರೂ ಹೆಲೆನ್ ಜೊತೆಗೆ ಕುಡಿಯುವ ಅಭಿನಯ ಮಾಡುತ್ತಿದ್ದಳು. ಕುಡಿಯುವುದಕ್ಕೆ ಬೇರೆ ಪದ ಅವಳಿಗೆ ಗೊತ್ತಿರಲಿಲ್ಲ. ಲೋಟ, ಹಾಲು, ಕುಡಿಯುವುದು ಮೂರೂ ಅವಳ ಪಾಲಿಗೆ ಒಂದೇ ಘಟನೆ. ಇದು ಮರೆವಿನ ತಪ್ಪಾಗಿರಲಿಲ್ಲ. ಪದ ಮತ್ತು ವಸ್ತುವಿನ ನಂಟು ಅವಳ ತಲೆಯಲ್ಲಿ ಹೇಗಿದೆ ಅನ್ನುವುದನ್ನು ಆ ತಪ್ಪು ಬಿಚ್ಚಿ ತೋರಿಸುತ್ತಿತ್ತು.

ಏಪ್ರಿಲ್ 5ರ ಬೆಳಗ್ಗೆ ಮುಖ ತೊಳೆಯುವಾಗ ಹೆಲೆನ್ ನೀರು ತೋರಿಸಿ ಆನ್ ಕೈ ತಟ್ಟಿದಳು. ಇದರ ಹೆಸರೇನು ಎಂದು ಅವಳು ಕೇಳುವ ರೀತಿ ಅದು. ಆನ್ ‘ವಾಟರ್’ ಎಂದು ಬರೆದು ಸುಮ್ಮನಾದರು. ತಿಂಡಿ ಆದ ಮೇಲೆ ಅವರಿಗೆ ಒಂದು ಯೋಚನೆ ಬಂತು. ಈ ಹೊಸ ಪದ ಇಟ್ಟುಕೊಂಡು ಮಗ್–ಮಿಲ್ಕ್ ಗೊಂದಲ ಬಿಡಿಸಬಹುದಲ್ಲ!

ಪಂಪಿನ ಮನೆಗೆ ಹೋದದ್ದು ಇದಕ್ಕೆ. ಹೆಲೆನ್ ಕೈಗೆ ಲೋಟ ಕೊಟ್ಟು ಪಂಪಿನ ಕೆಳಗೆ ಹಿಡಿಸಿದರು. ಲೋಟ ಇದೆ, ಒಳಗೆ ಹಾಲಿಲ್ಲ, ಯಾರೂ ಕುಡಿಯುತ್ತಿಲ್ಲ. ತಣ್ಣನೆ ನೀರು ಲೋಟ ತುಂಬಿ ಕೈ ಮೇಲೆ ಹರಿಯಿತು. ಇನ್ನೊಂದು ಕೈಯಲ್ಲಿ ಪದ ಮೂಡಿತು. ಹೆಲೆನ್ ಲೋಟ ಕೆಳಗೆ ಬಿಟ್ಟು ಹಾಗೇ ನಿಂತಳು. ಆ ಪದವನ್ನು ಹಲವು ಸಲ ತಾನೇ ಮಾಡಿದಳು. ಆಮೇಲೆ ನೆಲಕ್ಕೆ ಕೂತು ನೆಲದ ಹೆಸರು ಕೇಳಿದಳು. ಪಂಪು ತೋರಿಸಿದಳು, ಬಳ್ಳಿ ಹಬ್ಬಿಸಿದ ಚಪ್ಪರ ತೋರಿಸಿದಳು. ತಟ್ಟನೆ ತಿರುಗಿ ಆನ್ ಹೆಸರು ಕೇಳಿದಳು. ಆನ್ ‘ಟೀಚರ್’ ಎಂದು ಬರೆದರು. ಕೆಲವೇ ಗಂಟೆಗಳಲ್ಲಿ ಮೂವತ್ತು ಹೊಸ ಪದಗಳು ಸೇರಿದವು.

ಇದನ್ನು ಪವಾಡ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಲು ಮನಸ್ಸಿಲ್ಲ. ಒಂದು ತಪ್ಪನ್ನು ಹತ್ತಿರದಿಂದ ನೋಡಿ, ಅದಕ್ಕೆಂದೇ ಯೋಚಿಸಿ ಮಾಡಿದ ಚಟುವಟಿಕೆ ಇದು. ಇಷ್ಟು ದೊಡ್ಡ ಫಲ ಬರುತ್ತದೆ ಎಂದು ಆನ್ ಎಣಿಸಿರಲಿಲ್ಲ, ನಿಜ. ಆದರೆ ಪಂಪಿನ ಕಡೆ ನಡೆದ ಕಾಲುಗಳಿಗೆ ಯಾಕೆ ಹೋಗುತ್ತಿದ್ದೇವೆ ಎಂದು ಗೊತ್ತಿತ್ತು.

ಏಪ್ರಿಲ್ 10

ಈಗ ಆನ್ ಮುಂದೆ ಸುಲಭದ ದಾರಿ ಇತ್ತು. ಮಗುವಿಗೆ ಹೆಸರುಗಳ ಗುಟ್ಟು ತಿಳಿದಿದೆ. ದಿನಕ್ಕೆ ಇಷ್ಟು ಪದ ಎಂದು ಗುರಿ ಹಾಕಿ ಕಲಿಸುತ್ತಾ ಹೋಗಬಹುದು. ಹೌ ಅವರ ವರದಿಯೂ ಹಾಗೇ ಹೇಳುತ್ತದೆ.

ಅವರು ಬೇರೆಯದೇ ಪ್ರಶ್ನೆ ಕೇಳಿಕೊಂಡರು. ಕಣ್ಣು, ಕಿವಿ ಇರುವ ಮಗು ಭಾಷೆ ಹೇಗೆ ಕಲಿಯುತ್ತದೆ? ಉತ್ತರಕ್ಕೆ ಪುಸ್ತಕ ತೆರೆಯಲಿಲ್ಲ. ಹೆಲೆನ್‌ಳ ಹದಿನೈದು ತಿಂಗಳ ಪುಟ್ಟ ಸೋದರಸಂಬಂಧಿ ಹುಡುಗಿಯನ್ನು ಕೂತು ನೋಡಿದರು. ಮೂಗೆಲ್ಲಿ, ಬಾಯೆಲ್ಲಿ ಅಂದರೆ ತೋರಿಸುತ್ತಾಳೆ. ‘ಪಾಪುವಿನ ಇನ್ನೊಂದು ಕಿವಿ ಎಲ್ಲಿ’ ಅಂದರೆ ಸರಿಯಾಗಿ ಅದನ್ನೇ ಮುಟ್ಟುತ್ತಾಳೆ. ಹೂವು ಕೊಟ್ಟು ಅಮ್ಮನಿಗೆ ಕೊಡು ಅಂದರೆ ಕೊಡುತ್ತಾಳೆ. ‘ಕಳ್ಳಿ ಎಲ್ಲಿ’ ಅಂದರೆ ಅಮ್ಮನ ಕುರ್ಚಿ ಹಿಂದೆ ಅಡಗುತ್ತಾಳೆ. ಬಾಗಿಲು ಹಾಕು, ಅಪ್ಪನ ಹತ್ತಿರ ಹೋಗು, ಬಿಸ್ಕತ್ತು ಕೊಡು, ಎಲ್ಲ ಅರ್ಥವಾಗುತ್ತದೆ. ಆದರೆ ಇದರಲ್ಲಿ ಒಂದು ಪದವನ್ನೂ ಅವಳು ಬಾಯಿಬಿಟ್ಟು ಆಡಿದ್ದನ್ನು ಆನ್ ಕೇಳಿರಲಿಲ್ಲ.

‘ಇನ್ನೊಂದು’ ಅನ್ನುವುದನ್ನು ಆ ಮಗುವಿಗೆ ಯಾರೂ ಪಾಠ ಮಾಡಿರಲಿಲ್ಲ. ಪೂರ್ತಿ ಪೂರ್ತಿ ಮಾತುಗಳು ದಿನವಿಡೀ ಕಿವಿಗೆ ಬೀಳುತ್ತಿದ್ದವು. ಮಗು ತನಗೆ ದಕ್ಕಿದ್ದನ್ನು ಎತ್ತಿಕೊಳ್ಳುತ್ತಿತ್ತು. ಮೊದಲು ಅರ್ಥ, ಎಷ್ಟೋ ದಿನದ ಮೇಲೆ ಮಾತು. ಮಾತು ಬರುವ ತನಕ ಅಮ್ಮ ಮಾತಾಡುವುದನ್ನು ನಿಲ್ಲಿಸುವುದಿಲ್ಲ.

ಏಪ್ರಿಲ್ 10ರ ಪತ್ರದಲ್ಲಿ ಆನ್ ತಮ್ಮ ತೀರ್ಮಾನ ಬರೆದರು. ಹೆಲೆನ್‌ಳನ್ನು ಎರಡು ವರ್ಷದ ಮಗುವಿನಂತೆಯೇ ನೋಡುತ್ತೇನೆ. ಇನ್ನೂ ಬಳಸಲು ಬೇಕಾದಷ್ಟು ಪದಗಳೇ ಇಲ್ಲದ ಮಗುವನ್ನು ಇಂಥ ಹೊತ್ತಿಗೆ ಇಂಥ ಜಾಗಕ್ಕೆ ಬಾ, ಇಂಥ ಪಾಠ ಒಪ್ಪಿಸು ಎನ್ನುವುದು ಅಸಂಬದ್ಧ. ಶಿಶುವಿನ ಕಿವಿಯಲ್ಲಿ ನಾವು ಮಾತಾಡುವ ಹಾಗೆ ಇವಳ ಕೈಯಲ್ಲಿ ಮಾತಾಡುತ್ತೇನೆ. ಪೂರ್ಣ ವಾಕ್ಯಗಳಲ್ಲೇ ಮಾತಾಡುತ್ತೇನೆ. ಅರ್ಥವಾಗದ ಕಡೆ ಸನ್ನೆಗಳಿಂದ, ಅವಳದೇ ಸನ್ನೆಗಳಿಂದ ತುಂಬಿಸುತ್ತೇನೆ. ಒಂದೇ ವಿಷಯಕ್ಕೆ ಅವಳ ಮನಸ್ಸನ್ನು ಕಟ್ಟಿಹಾಕುವುದಿಲ್ಲ.

‘ಅವಳದೇ ಸನ್ನೆಗಳು’ ಅನ್ನುವುದನ್ನು ಇನ್ನೊಮ್ಮೆ ಓದಿ. ಬೆಣ್ಣೆ ಹಚ್ಚುವ, ಮೈ ನಡುಗಿಸುವ ಆ ಮನೆಯ ಸನ್ನೆಗಳು. ಅವುಗಳನ್ನು ಕೆಟ್ಟ ರೂಢಿ ಎಂದು ಆನ್ ಕಿತ್ತುಹಾಕಲಿಲ್ಲ. ಹೊಸ ಭಾಷೆ ಬೇರೂರುವ ತನಕ ಅವುಗಳಿಂದಲೇ ಕೆಲಸ ತೆಗೆದರು.

ಇನ್ನೂ ಮುಖ್ಯವಾದದ್ದು ಆ ಪತ್ರದಲ್ಲಿರುವ ನಂಬಿಕೆ. ಬೇರೆ ಮಕ್ಕಳಿಗೆ ಇರುವ ಗ್ರಹಿಸುವ, ಅನುಕರಿಸುವ ಶಕ್ತಿ ಇವಳಿಗೂ ಇದೆ ಎಂದು ಇಟ್ಟುಕೊಂಡೇ ನಡೆಯುತ್ತೇನೆ ಎಂದಿದ್ದಾರೆ ಆನ್. ಸಾಬೀತಾದ ಮೇಲೆ ನಂಬುತ್ತೇನೆ ಎಂದು ಕಾಯಲಿಲ್ಲ. ಕುರುಡಿ, ಕಿವುಡಿ ಎಂದು ಊರೆಲ್ಲ ಮರುಗುತ್ತಿದ್ದ ಮಗುವಿನ ಬಗ್ಗೆ, ಕೈಯಲ್ಲಿ ಬರೀ ಐದು ದಿನದ ಪುರಾವೆ ಇಟ್ಟುಕೊಂಡು, ಇಂಥ ಮಾತು ಬರೆಯಲು ಧೈರ್ಯ ಬೇಕು. ಟ್ಯೂಕ್ಸ್‌ಬರಿಯಲ್ಲಿ ಯಾರೂ ಲೆಕ್ಕಕ್ಕೇ ಇಡದ ಹುಡುಗಿಯಾಗಿ ಬೆಳೆದವರಿಗೆ ಆ ಧೈರ್ಯ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ.

ಆಮೇಲೆ

ಏಪ್ರಿಲ್ 24ರ ಹೊತ್ತಿಗೆ ಹೆಲೆನ್‌ಗೆ ನೂರಕ್ಕೂ ಜಾಸ್ತಿ ಪದಗಳ ಅರ್ಥ ಗೊತ್ತಿತ್ತು. ತಾನು ಬಹಳ ಕಷ್ಟದ ಕೆಲಸ ಮಾಡುತ್ತಿದ್ದೇನೆ ಅನ್ನುವ ಸುಳಿವೂ ಇಲ್ಲದೆ ಕಲಿಯುತ್ತಿದ್ದಾಳೆ ಎಂದು ಆನ್ ಬರೆದರು. ಆಗಸ್ಟ್ ಕೊನೆಗೆ ಅದು 625 ಪದಗಳಾಯಿತು.

ಮೇ 8ರ ಪತ್ರ ಇನ್ನೂ ಖಾರವಾಗಿದೆ. ಪರ್ಕಿನ್ಸ್‌ನಿಂದ ಶಿಶುವಿಹಾರದ ಸಾಮಗ್ರಿ ಇನ್ನಷ್ಟು ಕಳಿಸಲೇ ಎಂದು ಕೇಳಿದ್ದಿರಬೇಕು. ಬೇಡ ಎಂದರು ಆನ್. ಮಣಿ, ಕಾರ್ಡು, ಹುಲ್ಲುಕಡ್ಡಿ ಬಳಸಿದ್ದು ಬೇರೆ ಏನು ಮಾಡಬೇಕೆಂದು ಗೊತ್ತಿಲ್ಲದ್ದಕ್ಕೆ ಎಂದು ಒಪ್ಪಿಕೊಂಡರು. ವಿಸ್ತಾರವಾದ ವಿಶೇಷ ಪದ್ಧತಿಗಳ ಮೇಲೆಲ್ಲ ನನಗೆ ಅನುಮಾನ ಶುರುವಾಗಿದೆ, ಯೋಚಿಸುವುದನ್ನೂ ಹೇಳಿಕೊಡಬೇಕಾದ ದಡ್ಡ ಮಗು ಎಂದು ಮೊದಲೇ ಅಂದುಕೊಂಡು ಅವನ್ನು ಕಟ್ಟಿದಂತಿದೆ ಎಂದರು. ಮಗು ಓಡಾಡಲಿ, ನಿಜವಾದ ವಸ್ತುಗಳನ್ನು ಮುಟ್ಟಲಿ, ತಾನೇ ಕೂಡಿಸಿಕೊಳ್ಳಲಿ.

ಪಾಠ ಮನೆಯಿಂದ ಹೊರಗೆ ಹೋಯಿತು. ಟೆನೆಸ್ಸಿ ನದಿಯ ದಡದಲ್ಲಿ ಕಲ್ಲು ಜೋಡಿಸಿ ಅಣೆಕಟ್ಟು ಕಟ್ಟಿದರು. ದ್ವೀಪ, ಕೆರೆ ಮಾಡಿದರು. ಅದು ಭೂಗೋಳ ಎಂದು ಹೆಲೆನ್‌ಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಆ ಬೇಸಗೆಯಲ್ಲಿ ಹೆಲೆನ್ ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ ಕೇಳಿದಳು. ಮರಿಗಳು, ಪಾಪುಗಳು ಎಲ್ಲಿಂದ ಬರುತ್ತವೆ? 1887ರಲ್ಲಿ ಮದುವೆಯಾಗದ ಯುವತಿಗೆ ಇದಕ್ಕೆ ಉತ್ತರ ಕೊಡುವುದು ಸಣ್ಣ ಮುಜುಗರವಲ್ಲ. ಆನ್ ಸುಳ್ಳು ಹೇಳಲಿಲ್ಲ. ಗಿಡ ಹೇಗೆ ಬೆಳೆಯುತ್ತದೆ ಎಂಬ ಪುಸ್ತಕ ಹಿಡಿದು ಹೆಲೆನ್ ಜೊತೆ ಮರ ಹತ್ತಿ ಕೂತರು. ಬೀಜದಿಂದ ಶುರುಮಾಡಿ, ಮೊಟ್ಟೆಗೆ ಬಂದು, ಜೀವ ಹೇಗೆ ಮುಂದುವರಿಯುತ್ತದೆ ಎಂದು ಹೇಳಿದರು. ಪ್ರಶ್ನೆ ಕೇಳುವಷ್ಟು ಬುದ್ಧಿ ಇರುವ ಮಗುವಿಗೆ ಉತ್ತರ ತಿಳಿಯುವಷ್ಟೂ ಬುದ್ಧಿ ಇರುತ್ತದೆ ಅನ್ನುವುದು ಅವರ ನಿಲುವು.

ಇಷ್ಟೆಲ್ಲ ಮಾಡುತ್ತಲೇ ತಮ್ಮ ಬಗ್ಗೆ ಏನು ಬರೆದುಕೊಂಡಿದ್ದಾರೆ ಗೊತ್ತಾ? ನನ್ನ ಮನಸ್ಸಿಗೇ ಶಿಸ್ತಿಲ್ಲ, ಹೆಲೆನ್‌ಗೆ ಬೇಕಾದಷ್ಟೇ ನನಗೂ ಒಬ್ಬ ಟೀಚರ್ ಬೇಕು ಎಂದು.

ಯಾವುದನ್ನು ತೆಗೆದುಕೊಳ್ಳಬಾರದು

ಈ ಪ್ರಕರಣವನ್ನು ಇಡಿಯಾಗಿ ಎತ್ತಿ ನಮ್ಮ ಶಾಲೆಗೆ ತರಲಾಗದು. ಊಟದ ಮೇಜಿನ ಜಗಳವನ್ನಂತೂ ಯಾರೂ ಮಾದರಿ ಮಾಡಿಕೊಳ್ಳಬಾರದು. ಬೀಗ ಹಾಕಿ, ಮೈಬಲದಿಂದ ಮಗುವನ್ನು ಬಗ್ಗಿಸಿದ್ದು ನಿಜ. ವಿಧೇಯತೆ ಇಲ್ಲದೆ ಜ್ಞಾನವೂ ಪ್ರೀತಿಯೂ ಒಳಗೆ ಬರುವುದಿಲ್ಲ ಎಂದು ಆನ್ ಆಗ ಬಲವಾಗಿ ನಂಬಿದ್ದರು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಕಾಯ್ದೆ ಇರದಿದ್ದರೂ ನಾನು ಇದನ್ನು ಒಪ್ಪುತ್ತಿರಲಿಲ್ಲ. ಮಾರ್ಚ್‌ನಲ್ಲಿ ವಿಧೇಯತೆ ಎಂದವರು ಮೇ ತಿಂಗಳಲ್ಲಿ ಮಗುವನ್ನು ಅದರ ಪಾಡಿಗೆ ಬಿಡಿ ಎಂದು ಬರೆದರು. ಆ ಬದಲಾವಣೆಯಿಂದ ಕಲಿಯುವುದಿದೆ.

ಇನ್ನೊಂದು, ಆನ್ ಹತ್ತಿರ ಇದ್ದದ್ದು ಒಂದೇ ಮಗು. ಬೆಳಗಿನಿಂದ ರಾತ್ರಿ ತನಕ ಜೊತೆಗೇ. ಎರಡು ಮೂರು ತರಗತಿ ಒಟ್ಟಿಗೆ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬುವ ನಮ್ಮ ಮೇಡಂಗಳಿಗೆ, ಮೇಷ್ಟ್ರುಗಳಿಗೆ ‘ಸಲಿವನ್ ಥರ ಇರಿ’ ಅನ್ನುವುದು ಅನ್ಯಾಯ. ಪ್ರತಿ ಮಗುವಿಗೂ ಅಷ್ಟು ಹೊತ್ತು ಕೊಡಲು ಯಾರಿಂದಲೂ ಆಗದು.

ನಮ್ಮ ಒಂದನೇ ತರಗತಿಯಲ್ಲಿ

ಆದರೂ ಏಪ್ರಿಲ್ 10ರ ಪತ್ರ ನಮಗೆ ನೇರವಾಗಿ ತಾಗುವ ಜಾಗವೊಂದಿದೆ. ತಾಂಡಾದಿಂದ ಶಾಲೆಗೆ ಬರುವ ಮಗುವಿಗೆ ಮನೆಯಲ್ಲಿ ಲಂಬಾಣಿ. ಪಾವಗಡ, ಮುಳಬಾಗಿಲು ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ. ಒಂದನೇ ತರಗತಿಯ ಮೊದಲ ವಾರ ಈ ಮಕ್ಕಳಿಗೆ ಕನ್ನಡ ಹೊಸ ಭಾಷೆ. ಆ ವಾರವೇ ನಾವು ಅಕ್ಷರಕ್ಕೆ ಕೈಹಾಕುತ್ತೇವೆ. ‘ರ’, ‘ಗ’, ‘ಸ’, ‘ದ’, ‘ಅ’. ಮಗು ತಿದ್ದುತ್ತದೆ, ಒಪ್ಪಿಸುತ್ತದೆ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಪ್ರಗತಿ ನೋಟದಲ್ಲಿ, ಅಂದರೆ ಮಗುವಿನ ಕಲಿಕೆ ಗುರುತು ಹಾಕುವ ಪಟ್ಟಿಯಲ್ಲಿ, ಗುರುತು ಬೀಳುತ್ತದೆ. ‘ಗರಗಸ’ ಎಂದು ಓದಿಯೂ ಬಿಡುತ್ತದೆ. ಗರಗಸ ಅಂದರೇನು ಎಂದು ಕೇಳಿದರೆ ಮುಖ ನೋಡುತ್ತದೆ. ಬೆಲ್ ನಾಯಿಯ ಪಂಜ ಹಿಡಿದು ಕೂತ ಹೆಲೆನ್‌ಳೂ ಇದೇ ಸ್ಥಿತಿಯಲ್ಲಿದ್ದಳು.

ಇಂಥ ತರಗತಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವುದು ಇಷ್ಟು. ಮೊದಲ ವಾರಗಳಲ್ಲಿ ಧಾರಾಳವಾಗಿ ಕನ್ನಡ ಮಾತಾಡಿ. ತುಂಡು ತುಂಡು ಪದ ಬೇಡ. ‘ಬಾ, ಚಾಪೆ ಹಾಸೋಣ’, ‘ನಿನ್ನ ಇನ್ನೊಂದು ಚಪ್ಪಲಿ ಎಲ್ಲಿ’, ‘ಲೋಟ ತೊಳೆದು ಇಲ್ಲಿಡು’. ಕೈಯಲ್ಲಿ ಕೆಲಸ ನಡೆಯುತ್ತಿರಲಿ, ಬಾಯಲ್ಲಿ ಮಾತು ನಡೆಯುತ್ತಿರಲಿ. ಮಗು ಲಂಬಾಣಿಯಲ್ಲಿ ಉತ್ತರ ಕೊಟ್ಟರೆ ಅದು ಸರಿ ಉತ್ತರವೇ. ನಿಮ್ಮ ಮಾತು ಅದಕ್ಕೆ ಅರ್ಥವಾಗಿದೆ ಎಂದು ಅರ್ಥ. ತರಗತಿಯಲ್ಲಿ ಎರಡೂ ಭಾಷೆ ಬಲ್ಲ ದೊಡ್ಡ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿ. ‘ಮಾತೇ ಆಡಲ್ಲ ಸರ್, ದಡ್ಡ’ ಎಂದು ಬರೆದಿಡುವ ಮೊದಲು, ಹೇಳಿದ್ದನ್ನು ಮಾಡುತ್ತದೆಯೇ ನೋಡಿ. ಹದಿನೈದು ತಿಂಗಳ ಆ ಹುಡುಗಿಯೂ ಒಂದು ಪದ ಆಡಿರಲಿಲ್ಲ.

ತಪ್ಪುಗಳ ವಿಷಯದಲ್ಲೂ ಆನ್ ದಾರಿ ತೋರಿಸಿದ್ದಾರೆ. ಬಿ.ಎಡ್. ಇಂಟರ್ನ್‌ಶಿಪ್‌ನಲ್ಲಿ ಪ್ರಕರಣ ಅಧ್ಯಯನ ಬರೆಯಬೇಕಲ್ಲ, ಅದನ್ನು ಬಹಳ ಜನ ಕೊನೆಯ ವಾರ ಕೂತು, ಹಿಂದಿನ ಬ್ಯಾಚಿನವರ ಪುಸ್ತಕ ನೋಡಿ ತುಂಬುತ್ತಾರೆ. ‘ವಿದ್ಯಾರ್ಥಿಯು ಕಲಿಕೆಯಲ್ಲಿ ಹಿಂದುಳಿದಿದ್ದಾನೆ, ಮನೆಯ ವಾತಾವರಣ ಸರಿಯಿಲ್ಲ, ಪರಿಹಾರ ಬೋಧನೆ ನೀಡಲಾಯಿತು.’ ಇದರಲ್ಲಿ ಮಗು ಎಲ್ಲಿದೆ? ಆನ್ ಬರೆದಿದ್ದರೆ, ಅವನು ಹದಿಮೂರು ಬರೆಯುವಾಗ 103 ಬರೆದ, ಕೇಳಿದರೆ ‘ಹತ್ತು, ಮೂರು’ ಎಂದು ಬೆರಳಿಟ್ಟು ತೋರಿಸಿದ ಎಂದು ಬರೆಯುತ್ತಿದ್ದರು. ಅಷ್ಟು ಬರೆದರೆ ಸಾಕು. ಅವನಿಗೆ ಹತ್ತು ಗೊತ್ತು, ಮೂರು ಗೊತ್ತು, ಸ್ಥಾನಬೆಲೆ ಮಾತ್ರ ಇನ್ನೂ ಸಿಕ್ಕಿಲ್ಲ ಎಂದು ಓದಿದವರಿಗೆಲ್ಲ ತಿಳಿಯುತ್ತದೆ. ನಾಳೆ ಹತ್ತು ಕಡ್ಡಿಯ ಕಟ್ಟು ಕೈಗೆ ಕೊಡಬೇಕು ಎಂದೂ ತಿಳಿಯುತ್ತದೆ.

ಹಾಗಾಗಿ ಶಾಲೆಗೆ ಹೋದ ಮೊದಲ ದಿನವೇ ಒಂದು ಮಗುವನ್ನು ಆರಿಸಿಕೊಳ್ಳಿ. ತೀರಾ ಗಲಾಟೆಯದ್ದೋ ತೀರಾ ಜಾಣನದ್ದೋ ಬೇಡ, ಯಾರ ಕಣ್ಣಿಗೂ ಬೀಳದ ಮಗು ಇರಲಿ. ದಿನಕ್ಕೆ ನಾಲ್ಕೈದು ಸಾಲು ಸಾಕು. ಮಗು ಮಾಡಿದ್ದು, ಆಡಿದ್ದು, ಎಡವಿದ್ದು ಮಾತ್ರ ಬರೆಯಿರಿ. ಒಳ್ಳೆಯವನು, ಮಂಕು, ಚುರುಕು ಅನ್ನುವ ಪದಗಳನ್ನು ಆ ಪುಸ್ತಕದಿಂದ ಹೊರಗಿಡಿ. ವಾರದ ಕೊನೆಗೆ ಅದನ್ನು ಓದಿ, ಆಮೇಲೆ ಸೋಮವಾರದ ಪಾಠಯೋಜನೆ ಬರೆಯಲು ಕೂರಿ.